ತುಪ್ಪಕ್ಕೊಂದು ಒತ್ತು

ಮೈಸೂರು ಪಾಕಿಗೆ ತುಪ್ಪ ಎಷ್ಟು ಹಾಕಬೇಕು ಎಂದು ಕೇಳಿದರೆ ನನ್ನ ಗೆಳತಿಯ ಅಮ್ಮನದು ಒಂದೇ ಉತ್ತರ: ‘ಹಿಡಿಸಿದಷ್ಟು.’ ಎಂಬತ್ತಾರು ದಾಟಿದ ಅವರ ಬಾಯಲ್ಲಿ ಕಡಲೆಹಿಟ್ಟಿಗೆ ಪಾವಿನ ಲೆಕ್ಕವಿದೆ, ಸಕ್ಕರೆ ಅದರ ಎರಡರಷ್ಟು, ತುಪ್ಪಕ್ಕೆ ಮಾತ್ರ ಲೆಕ್ಕವಿಲ್ಲ. ಕಳೆದ ಭಾನುವಾರ ಮೈಸೂರಿನ ಅವರ ಮನೆಯಲ್ಲಿ ನಾವು ನಾಲ್ವರು ಗೆಳತಿಯರು ಸೇರಿದ್ದು ಈ ‘ಹಿಡಿಸಿದಷ್ಟು’ ಎಂಬುದನ್ನು ಹೇಗಾದರೂ ಅಕ್ಷರಕ್ಕಿಳಿಸೋಣ ಎಂದು. ಗೆಳತಿ ಮಗನ ಹಳೇ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದಾಳೆ. ವಯಸ್ಸು ಅರವತ್ತೆರಡು, ಸದ್ಯಕ್ಕೆ ಓಡುವುದು ಒಂದೇ ಬೆರಳು.

‘ನಿಮಗೇನಮ್ಮ, ಆಗಲೇ ಕಲಿತು ಕೂತಿದ್ದೀರಿ’ ಎನ್ನುವುದು ಅವಳ ಹಳೇ ತಕರಾರು. ನಿಜವೇ. 1979ರಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ನಮ್ಮ ಮೂವರನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು, ಅವಳನ್ನು ಅಡುಗೆಮನೆಗೆ. ನಾವು ಎ ಎಸ್ ಡಿ ಎಫ್ ಜಿ ಎಫ್ ಎಂದು ಪುಟಗಟ್ಟಲೆ ಕುಟ್ಟುತ್ತಿದ್ದಾಗ ಅವಳು ಒಂದೆಳೆ ಪಾಕವನ್ನು ಬೆರಳ ತುದಿಯಲ್ಲಿ ಎಳೆದು ನೋಡುತ್ತಿದ್ದಳು. ನಮ್ಮ ಮೇಷ್ಟ್ರು ಕೀಲಿಗಳ ಮೇಲೆ ಟವೆಲ್ ಹೊದಿಸುತ್ತಿದ್ದರು, ಕಣ್ಣು ಕೆಳಗೆ ಹೋಗದಿರಲಿ ಎಂದು. ಎ ಅಕ್ಷರಕ್ಕೆ ಎಡಗೈ ಕಿರುಬೆರಳು. ಅದೆಷ್ಟು ಬಲಹೀನ ಬೆರಳು ಎಂಬುದು ಗೊತ್ತಾದದ್ದೇ ಅಲ್ಲಿ. ಸಾಲು ಮುಗಿಯುತ್ತ ಬಂದರೆ ಟಿಣ್ ಎಂದು ಗಂಟೆ. ನಮ್ಮಲ್ಲೊಬ್ಬಳು ಅನಂತ ಸುಬ್ಬರಾವ್ ಅವರ ಕೀಲಿಮಣೆಯ ಕನ್ನಡ ಮೆಷಿನ್ನಿನಲ್ಲೂ ಕಲಿತಳು. ಅದರಲ್ಲಿ ಅಕ್ಷರದ ಮೈ ಬೇರೆ, ಒತ್ತು ಬೇರೆ. ಬಿಡಿಭಾಗ ಜೋಡಿಸಿ ಅಕ್ಷರ ಕಟ್ಟಬೇಕು.

ಈಗಿನ ಕಥೆ ಹಾಗಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ಸರ್ಕಾರವೂ ಒಪ್ಪಿದ್ದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಎರಡು ವ್ಯಂಜನ ಸೇರಿಸಬೇಕಾದರೆ ನಡುವೆ ಎಫ್. ತುಪ್ಪ ಬೇಕೆಂದರೆ ಟಿ, ಯು, ಪಿ, ಎಫ್, ಪಿ. ಎಡಗೈ ತೋರುಬೆರಳು ಸುಮ್ಮನೆ ಕೂತಿರುವ ಜಾಗವೇ ಎಫ್, ಕತ್ತಲಲ್ಲೂ ಸಿಗಲೆಂದು ಅದರ ಮೇಲೊಂದು ಸಣ್ಣ ಉಬ್ಬು ಬೇರೆ. ಹೆಜ್ಜೆಹೆಜ್ಜೆಗೂ ಒತ್ತು ಬೇಡುವ ಭಾಷೆಗೆ ಒತ್ತನ್ನು ಬೆರಳಿನ ಕೆಳಗೇ ತಂದಿಟ್ಟ ಜಾಣ್ಮೆಗೆ ನಾನಂತೂ ಕೈ ಮುಗಿಯುತ್ತೇನೆ.

ಗೆಳತಿಗೆ ಕಷ್ಟವಾದದ್ದೂ ಅದೇ ಎಫ್. ಹತ್ತು ನಿಮಿಷ ಹೆಣಗಿ ತಲೆಯೆತ್ತಿ ಹೇಳಿದಳು: ‘ಜಿಡ್ಡಿನ ಪದಕ್ಕೆಲ್ಲ ಒತ್ತು ಕಣ್ರೇ!’ ತುಪ್ಪ, ಬೆಣ್ಣೆ, ಎಣ್ಣೆ, ಕೊಬ್ಬರಿ, ಸಕ್ಕರೆ, ಬೆಲ್ಲ. ಜಿಡ್ಡು ಎನ್ನುವುದಕ್ಕೇ ಒತ್ತು. ಒಬ್ಬಟ್ಟಿಗಂತೂ ಎರಡೆರಡು. ಅದೇ ಗಂಜಿ, ಅಂಬಲಿ, ತಿಳಿಸಾರು? ಬೆರಳು ಸಲೀಸಾಗಿ ಓಡುತ್ತದೆ.

‘ಮಜ್ಜಿಗೆಗೆ ಯಾಕೆ ಒತ್ತು ಮತ್ತೆ? ಕೆನೆಗೆ ಯಾಕಿಲ್ಲ?’ ಎಂದಳು ಕನ್ನಡ ಮೆಷಿನ್ನಿನವಳು. ಎಲ್ಲದಕ್ಕೂ ಅಡ್ಡಮಾತು ತೆಗೆಯುವ ಬುದ್ಧಿ ಅವಳದು.

ಒಳಗಿನಿಂದ ಅಮ್ಮನ ದನಿ ಬಂತು: ‘ಕೆನೆ ಇನ್ನೂ ಕಡೆದಿಲ್ಲ ಕಣೇ. ಮಜ್ಜಿಗೆ ಕಡೆದಾಗಿದೆ, ಬೆಣ್ಣೆ ಬಿಟ್ಟುಹೋದ ಗುರುತು ಅದು.’

ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ, ಬಿಡಿ.

ಅಷ್ಟರಲ್ಲಿ ಒಲೆ ಹೊತ್ತಿತ್ತು. ಮೈಸೂರು ಪಾಕಿನ ಕಥೆ ಎಲ್ಲರಿಗೂ ಗೊತ್ತು: ನಾಲ್ವಡಿಯವರ ಅರಮನೆ, ಬಾಣಸಿಗ ಕಾಕಾಸುರ ಮಾದಪ್ಪ, ಅವರ ವಂಶದವರು ಇಂದಿಗೂ ನಡೆಸುವ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್. ಕಥೆಗಿಂತ ಕೈ ಮುಖ್ಯ. ಇಲ್ಲಿ ಎರಡು ಪಂಗಡ. ಬಾಯಲ್ಲಿಟ್ಟರೆ ಕರಗುವ ಮೆತ್ತನೆಯ ಪಾಕಿನವರು ಒಂದು ಕಡೆ, ಗೂಡುಗೂಡಾಗಿ ಕಚ್ಚಿದರೆ ಪುಡಿಯಾಗುವುದು ಬೇಕೆನ್ನುವವರು ಇನ್ನೊಂದು ಕಡೆ. ನಾನು ಗೂಡಿನ ಪಕ್ಷ. ಮೆತ್ತನೆಯದಕ್ಕೆ ಹಲ್ಲಿನ ಕೆಲಸವೇ ಇಲ್ಲ, ತಿಂದ ನೆನಪೂ ಬೇಗ ಕರಗುತ್ತದೆ.

ಆ ಗೂಡು ಬರುವುದು ತುಪ್ಪದ ಕಾವಿನಿಂದ. ಪಕ್ಕದ ಒಲೆಯಲ್ಲಿ ತುಪ್ಪ ಸುಡುಸುಡು ಇರಲೇಬೇಕು. ಪಾಕಕ್ಕೆ ಜರಡಿಯಾಡಿದ ಹಿಟ್ಟು ಸೇರಿಸಿ, ಗಂಟಿಲ್ಲದಂತೆ ತಿರುವುತ್ತ, ಒಂದೊಂದೇ ಸೌಟು ಬಿಸಿ ತುಪ್ಪ ಹೊಯ್ದಾಗ ಪಾಕದೊಳಗಿನ ನೀರು ಆವಿಯಾಗಿ ಚಿಮ್ಮುತ್ತದೆ, ಇಡೀ ಬಾಣಲೆ ನೊರೆಯೇಳುತ್ತದೆ. ಆವಿ ಹೋದ ದಾರಿಯೇ ತೂತು. ತಣ್ಣನೆಯ ತುಪ್ಪ ಸುರಿದಿರೋ, ಸಿಗುವುದು ಕಡಲೆಹಿಟ್ಟಿನ ಇಟ್ಟಿಗೆ. ತಟ್ಟೆಗೆ ಸುರಿದ ಮೇಲೆ ತಟ್ಟಿ ಒತ್ತಬಾರದು, ತೂತು ಮುಚ್ಚಿಹೋಗುತ್ತವೆ. ನಡುವಿನ ಕಾವು ಬೇಗ ಆರದೆ ಅಲ್ಲಿ ಬೇಯುವುದು ಮುಂದುವರಿಯುವುದರಿಂದ ಅಂಚು ಹಳದಿ, ಹೊಟ್ಟೆ ಕಂದು. ಕತ್ತರಿಸಿದಾಗ ಆ ಕಂದುಪಟ್ಟೆ ಕಂಡರೆ ಮಾಡಿದವರಿಗೊಂದು ನಮಸ್ಕಾರ.

‘ಹಿಡಿಸಿದಷ್ಟು’ ಎಂದರೇನು ಎಂದು ಅಮ್ಮ ಸೌಟು ಹಿಡಿದೇ ತೋರಿಸಿದರು. ಹಿಟ್ಟು ಮೊದಲು ಗಟಗಟ ಕುಡಿಯುತ್ತದೆ. ಆಮೇಲೆ ನಿಧಾನ. ಕೊನೆಗೊಮ್ಮೆ ಸಾಕೆಂದು ಕುಡಿದದ್ದನ್ನು ಅಂಚಿನಲ್ಲಿ ಬಿಡತೊಡಗುತ್ತದೆ. ಅದೇ ಅಳತೆ. ನಾವು ಮಾತ್ರ ಕಳ್ಳತನದಿಂದ ಪಾವಿನಲ್ಲಿ ಅಳೆದೇ ತುಪ್ಪ ಕಾಯಿಸಿದ್ದೆವು. ಪಾವು ಹಿಟ್ಟಿಗೆ ಹೆಚ್ಚುಕಡಿಮೆ ಎರಡೂವರೆ ಪಾವು ಇಳಿದಿತ್ತು. ಸಂಖ್ಯೆ ಕೇಳಿ ಅಮ್ಮನೇ ಬೆಚ್ಚಿದರು. ‘ಅಷ್ಟೊಂದಾ? ಬರೀಬೇಡ್ರೇ ಅದನ್ನ.’

ಬರೆದಾಗಿತ್ತು. ಗೆಳತಿ ಹೆಮ್ಮೆಯಿಂದ ಪ್ರಿಂಟು ತೆಗೆದು ಮೇಜಿನ ಮೇಲಿಟ್ಟಳು. ಎಫ್ ಕೀಲಿ ಅರ್ಧಕ್ಕರ್ಧ ಕೈಕೊಟ್ಟಿತ್ತು: ‘ಸಕಕರೆ ಎರಡು ಪಾವು, ತುಪಪ ಎರಡೂವರೆ ಪಾವು.’ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ತಿದ್ದುತ್ತೇನೆ ಎಂದು ಅವಳು ಎದ್ದರೆ, ನಮ್ಮಲ್ಲಿ ಕೊಲೆಸ್ಟ್ರಾಲ್ ಇರುವವಳು ಕೈಹಿಡಿದು ಕೂರಿಸಿದಳು.

‘ಇರಲಿ ಬಿಡೇ. ಡಾಕ್ಟರು ಬೇಡ ಅಂದಿರೋದು ತುಪ್ಪ. ಇದು ತುಪಪ’ ಎಂದು ಎರಡನೇ ತುಂಡಿಗೆ ಕೈ ಹಾಕಿದಳು.