ಮಸಿಕೊಳವೆಯ ಪುನರ್ಜನ್ಮ

ಗರಿಯಿಂದ ಚಿಪ್ಪಿನವರೆಗೆ ತೆಂಗಿನ ಯಾವ ಅಂಗವನ್ನೂ ವ್ಯರ್ಥಗೊಳಿಸದ ನಮ್ಮ ಮಾಯಸಂದ್ರದ ಸೀಮೆಯಲ್ಲಿ, ಒಮ್ಮೆ ಬರೆದು ಎಸೆಯಲೆಂದೇ ನಿರ್ಮಿತವಾದ ಪೆನ್ನಿನ ಕಾರ್ಟ್ರಿಜ್ಜಿಗೆ ಮರಳಿ ಮರಳಿ ಜೀವ ತುಂಬುವ ವೃದ್ಧ ಉಪಾಧ್ಯಾಯರೊಬ್ಬರ ಹಸ್ತಕೌಶಲವನ್ನು ಕಂಡಂದಿನಿಂದ ನನ್ನ ಮನಸ್ಸು ಅದನ್ನೇ ಮೆಲುಕುಹಾಕುತ್ತಿದೆ.

ಬರಿದಾದ ಕೊಳವೆಯನ್ನು ಅವರು ಮೊದಲು, ನೀಲಿಯ ಕೊನೆಯ ಛಾಯೆಯೂ ಅಳಿಯುವವರೆಗೆ, ತಣ್ಣೀರಿನಲ್ಲಿ ತೊಳೆಯುವರು. ಬಳಿಕ ಮೊನೆ ಮೊಂಡಾದ ಸಿರಿಂಜಿನಲ್ಲಿ ಶಾಯಿಯನ್ನು ಸೆಳೆದು, ಸೂಜಿಯನ್ನು ಕೊಳವೆಯ ತಳಕ್ಕೆ ಮುಟ್ಟಿಸಿ, ಏರುವ ಶಾಯಿಯೊಡನೆ ಅದನ್ನೂ ಮೆಲ್ಲನೆ ಮೇಲೆತ್ತುವರು. ಹಾಗೆ ಮಾಡಿದರೆ ಗಾಳಿಗುಳ್ಳೆ ಒಳಗೆ ಸಿಲುಕದು. ಗಿಡ್ಡ ಕಾರ್ಟ್ರಿಜ್ ಹಿಡಿಯುವುದು ಒಂದು ಮಿಲಿಲೀಟರಿಗೂ ಕಡಿಮೆ. ಹನಿಯೊಂದರ ಅಂದಾಜು ತಪ್ಪಿದರೂ ಬೆರಳೆಲ್ಲ ನೀಲಿ. ಕೆಲವು ಕೊಳವೆಗಳ ಬಾಯಿ ಮುಚ್ಚಿರುವ ಪುಟ್ಟ ಗೋಲಿಯು, ಪೆನ್ನಿನೊಳಗಿನ ಮೊನೆ ಒತ್ತಿದಾಗ ಒಳಗೆ ಬಿದ್ದು ಅಲ್ಲಿಯೇ ಉಳಿಯುವುದು. ಅಟ್ಟದ ಕಾಯನ್ನು ಕಿವಿಯ ಬಳಿ ಅಲುಗಾಡಿಸಿ, ಚಿಪ್ಪು ಬಿಟ್ಟ ಕೊಬ್ಬರಿಯ ಸದ್ದನ್ನು ಆಲಿಸುವ ನಮ್ಮ ರೈತನಂತೆಯೇ ಅವರು ಕೊಳವೆಯನ್ನು ಅಲುಗಿಸಿ ಆ ಗೋಲಿಯ ದನಿಯನ್ನು ಕೇಳುವರು. ಗೋಡೆಗಂಟಿದ ಶಾಯಿಯನ್ನು ಬಿಡಿಸಿ ಕೆಳಗಿಳಿಸುವುದೂ ಆ ಗೋಲಿಯೇ.

ಹೀಗೆ ಕೆಳಗಿಳಿದ ಶಾಯಿ ನಿಬ್ಬಿಗೆ ಹರಿದಷ್ಟೇ ಗಾಳಿಯನ್ನು ಒಳಗೊಯ್ಯುವ, ನಿಬ್ಬಿನಡಿಯ ನಾಲಗೆಯ ಸೂಕ್ಷ್ಮ ಸೀಳುಗಳಿಗೆ ಅಮೆರಿಕೆಯ ವಾಟರ್‌ಮನ್ ಪೇಟೆಂಟು ಪಡೆದದ್ದು 1884ರಲ್ಲಿ.

ಪದೇಪದೇ ಬಳಸಿ ಬಾಯಿ ಸಡಿಲಗೊಂಡು ಶಾಯಿ ಜಿನುಗತೊಡಗಿದಾಗ ಕೊಳವೆಗೆ ನಿವೃತ್ತಿ ಅನಿವಾರ್ಯ. ಅದುವರೆಗೆ, ವಾಚಕ ಮಹಾಶಯರೇ, ಅದನ್ನು ಎಸೆಯದಿರಿ.