ಬರಗಾಲದ ಕೊಕ್ಕು

ಜೊನಾಥನ್ ವೀನರ್ ಅವರ ‘ದಿ ಬೀಕ್ ಆಫ್ ದ ಫಿಂಚ್’ 1994ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಕೃತಿ. ಗ್ಯಾಲಪಗಾಸ್‌ನ ಡ್ಯಾಫ್ನೆ ಮೇಜರ್ ದ್ವೀಪದಲ್ಲಿ ಗ್ರಾಂಟ್ ದಂಪತಿಗಳು 1973ರಿಂದ ಕೈಗೊಂಡ ಫಿಂಚ್ ಹಕ್ಕಿಗಳ ಅಧ್ಯಯನವೇ ಇದರ ವಸ್ತು.

1977ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಬೀಜಗಳು ಮುಗಿದು, ನಮ್ಮ ನೆಗ್ಗಿಲಿನ ಜಾತಿಯ ಗಿಡವೊಂದರ ಗಟ್ಟಿ ಕಾಯಿಗಳು ಉಳಿದವು. ಗುಬ್ಬಚ್ಚಿ ಗಾತ್ರದ ಮಧ್ಯಮ ನೆಲಫಿಂಚ್‌ಗಳಲ್ಲಿ ಅವನ್ನು ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚಾಗಿ ಬದುಕಿದವು. ಸರಾಸರಿ ಕೊಕ್ಕಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಏರಿತು. ‘ಅಗತ್ಯಕ್ಕೆ ತಕ್ಕಂತೆ ಕೊಕ್ಕು ಬೆಳೆಯಿತು’ ಎಂದು ತರಗತಿಯಲ್ಲಿ ಹೇಳುವುದುಂಟು. ಅದು ತಪ್ಪು. ಯಾವ ಹಕ್ಕಿಯ ಕೊಕ್ಕೂ ಬೆಳೆಯಲಿಲ್ಲ. ಸಣ್ಣ ಕೊಕ್ಕಿನವು ಹೆಚ್ಚಾಗಿ ಸತ್ತವು. ಅಳತೆಯ ಶ್ರಮದೊಂದಿಗೆ ಇದನ್ನು ಮನದಟ್ಟು ಮಾಡಿಸುವುದೇ ಪುಸ್ತಕದ ಹೆಚ್ಚುಗಾರಿಕೆ.

ಆದರೆ ಇದನ್ನೇ ಕೊನೆಯ ಮಾತೆಂದು ಭಾವಿಸಬಾರದು. 2004–05ರ ಬರದಲ್ಲಿ ಫಲಿತಾಂಶ ತಿರುವುಮುರುವಾಯಿತು. ಆ ವೇಳೆಗೆ ದ್ವೀಪದಲ್ಲಿ ನೆಲೆಸಿದ್ದ ದೊಡ್ಡ ನೆಲಫಿಂಚ್‌ಗಳು ಗಟ್ಟಿ ಕಾಯಿಗಳನ್ನು ಖಾಲಿ ಮಾಡಿದ್ದರಿಂದ ಮಧ್ಯಮ ಫಿಂಚ್‌ಗಳಲ್ಲಿ ಸಣ್ಣ ಕೊಕ್ಕಿನವೇ ಹೆಚ್ಚು ಉಳಿದವು. 1977ರ ಕಥೆಯನ್ನಷ್ಟೇ ಹೇಳಿದರೆ ‘ಬರ ಬಂದರೆ ದಪ್ಪ ಕೊಕ್ಕು’ ಎಂಬ ಸೂತ್ರವನ್ನು ವಿದ್ಯಾರ್ಥಿ ಬಾಯಿಪಾಠ ಮಾಡುತ್ತಾನೆ. ನಿಸರ್ಗದ ಆಯ್ಕೆಗೆ ಅಂಥ ಸೂತ್ರವಿಲ್ಲ. ಆಹಾರ ಎಷ್ಟಿದೆ, ಪಾಲುದಾರರು ಯಾರು ಎಂಬುದೇ ಮುಖ್ಯ. ಅಧ್ಯಾಪಕರು ಪುಸ್ತಕವನ್ನು ಅವಶ್ಯ ಓದಲಿ. ಎರಡೂ ಬರಗಳನ್ನು ಒಟ್ಟಿಗೆ ಪಾಠ ಮಾಡಲಿ.