ಸೂಟಿಯ ಓದು: ಕಾಳು ಯಾವುದು, ಬೂಸಾ ಯಾವುದು?

ಬೇಸಿಗೆ ಸೂಟಿ ಬಂತೆಂದರೆ ದೊಡ್ಡ ಊರಿನ ವಿದ್ವಾಂಸರು ಪಟ್ಟಿ ಕೊಡುತ್ತಾರೆ. ಈ ಹತ್ತು ಪುಸ್ತಕ ಓದಿರಿ, ಮನಸ್ಸು ಅರಳುತ್ತದೆ ಅಂತಾರೆ. ಯಾರ ಸೂಟಿ? ಯಾರ ಮನಸ್ಸು? ಮನ್ನಾಏಖೇಳ್ಳಿಯ ಹೆದ್ದಾರಿಯಲ್ಲಿ ನಿಂತು ಹೈದರಾಬಾದಿನ ಬಸ್ಸು ಹತ್ತುವ ಕೂಲಿ ಮಂದಿಯ ಜೊತೆ ಸಾಲಿ ಮಕ್ಕಳೂ ಇರ್ತಾರೆ. ಅವರಿಗೆ ಸೂಟಿ ಅಂದರೆ ಉಸುಕು, ಸಿಮೆಂಟು. ಮನೆಯಲ್ಲಿ ಮೊದಲು ಅಕ್ಷರ ಕಲಿತ ನಮ್ಮಂಥವರಿಗೂ ಸೂಟಿಯ ಓದು ದುಡಿಮೆಯಿಂದ ಕದ್ದ ಹೊತ್ತು. ಕದ್ದ ಹೊತ್ತನ್ನು ಕೈಗೆ ಸಿಕ್ಕ ಪುಸ್ತಕಕ್ಕೆ ಸುರಿಯಲಿಕ್ಕೆ ಆಗುವುದಿಲ್ಲ. ಆರಿಸಬೇಕು. ಆರಿಸುವುದೇ ವಿಮರ್ಶೆಯ ಮೊದಲ ಕೆಲಸ.

1973ರ ನವೆಂಬರದಲ್ಲಿ, ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದರು. ದೊಡ್ಡ ಗಲಾಟೆಯಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿದ್ದವು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಬೂಸಾ ಏನೆಂದು ದನ ಸಾಕಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಳು ಒಬ್ಬರ ಕಣಜಕ್ಕೆ ಹೋದ ಮೇಲೆ ಉಳಿಯುವುದು ಅದು. ಹಾಗಾದರೆ ಪುಸ್ತಕಕ್ಕೆ ಕೇಳಬೇಕಾದ ಪ್ರಶ್ನೆಯೂ ಸರಳ: ಇದರೊಳಗೆ ದುಡಿದವರು ಯಾರು? ಮಾತಾಡುವವರು ಯಾರು?

ಈ ಪ್ರಶ್ನೆ ಹಿಡಿದು ಎರಡು ಪುಸ್ತಕ ಒಟ್ಟಿಗೆ ಓದಿರಿ. ಒಂದು, ಶಿವರಾಮ ಕಾರಂತರ 'ಚೋಮನ ದುಡಿ' (1933). ಇನ್ನೊಂದು, ದೇವನೂರ ಮಹಾದೇವರ 'ಒಡಲಾಳ'. ಕಾರಂತರದು ಬೂಸಾ ಅಲ್ಲ. ಚೋಮನಿಗೆ ಎತ್ತು ಇವೆ, ಹೊಲವಿಲ್ಲ. ಹೊಲೆಯನಿಗೆ ಬೇಸಾಯ ಸಲ್ಲದು ಎಂಬ ಕಟ್ಟಳೆ ಅವನನ್ನು ಮುರಿಯುತ್ತದೆ. ನೀರಲ್ಲಿ ಮುಳುಗುವ ಮಗನನ್ನು ಮುಟ್ಟಲು ಯಾರೂ ಮುಂದಾಗುವುದಿಲ್ಲ. ಇದು ಸತ್ಯ. ಆದರೆ ಆ ಸತ್ಯವನ್ನು ಗುಡಿಸಲಿನ ಹೊರಗೆ ನಿಂತು ನೋಡಲಾಗಿದೆ. ಚೋಮನಿಗೆ ಉಳಿಯುವುದು ದುಡಿ ಮತ್ತು ಸಾವು. ಓದಿದವರಿಗೆ ಉಳಿಯುವುದು ಕನಿಕರ. 'ಒಡಲಾಳ'ದ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ, ಬೈಯುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಕೂತು ಸಾಹುಕಾರನ ಕಡೆಯಿಂದ ಕದ್ದ ಶೇಂಗಾ ಸುಲಿದು ತಿನ್ನುತ್ತಾರೆ. ಹಸಿದವರು ನಗುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಇಲ್ಲಿ ಕನಿಕರಕ್ಕೆ ಜಾಗವಿಲ್ಲ. ಕಳ್ಳರು ಯಾರು ಎಂಬ ಪ್ರಶ್ನೆ ಓದುವವನ ಎದೆಗೇ ಬರುತ್ತದೆ. ಅದರ ಮಾತು ಮೈಸೂರು ಸೀಮೆಯದು, ನಮ್ಮ ಕಡೆಯವರಿಗೆ ತೊಡಕು. ಬಾಯಿಬಿಟ್ಟು ಓದಿರಿ, ಬಿಡಿಸಿಕೊಳ್ಳುತ್ತದೆ.

ಇನ್ನು ನಮ್ಮ ನೆಲದ ಪುಸ್ತಕ. ಹುಮನಾಬಾದ ದಾಟಿದರೆ ಬಸವಕಲ್ಯಾಣ. ಆದರೂ ವಚನ ಅಂದರೆ ಪಾಠದಲ್ಲಿ ಬಂದ ನಾಲ್ಕು ಹೆಸರೇ ನಮ್ಮ ಬಾಯಿಗೆ ಬರುತ್ತವೆ. 1993ರಲ್ಲಿ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ವಚನ ಸಂಪುಟ ತಂದಿತು. ಅದರಲ್ಲಿ ಮಾದಾರ ಧೂಳಯ್ಯನನ್ನು, ಡೋಹರ ಕಕ್ಕಯ್ಯನನ್ನು, ಕಾಳವ್ವೆಯನ್ನು ಹುಡುಕಿ ಓದಿರಿ. ಯಾರ ಊಟ ಮೇಲು, ಯಾರ ಊಟ ಕೀಳು ಎಂಬ ಲೆಕ್ಕವನ್ನೇ ಕೆದಕಿದಾಕೆ ಕಾಳವ್ವೆ. ಆ ಲೆಕ್ಕ ಇನ್ನೂ ಮುಗಿದಿಲ್ಲ.

ನಮ್ಮ ಮಾತು ಪುಸ್ತಕದ ಮಾತಲ್ಲ ಎಂದು ಕಾಲೇಜಿನಲ್ಲಿ ನಾಚುವ ಹುಡುಗ ಹುಡುಗಿಯರು ಕಲಬುರಗಿ ಸೀಮೆಯ ಚೆನ್ನಣ್ಣ ವಾಲೀಕಾರರನ್ನು, ಗೀತಾ ನಾಗಭೂಷಣ ಅವರನ್ನು ಓದಬೇಕು. ಗೀತಾ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮರಾಠಿ ಬಲ್ಲವರು ನಮ್ಮ ಜಿಲ್ಲೆಯಲ್ಲಿ ಬಹಳ. ಅವರು ದಯಾ ಪವಾರರ 'ಬಲುತ' (1978), ಗಡಿಯಾಚೆ ಸೋಲಾಪುರ ಸೀಮೆಯ ಶರಣಕುಮಾರ ಲಿಂಬಾಳೆಯವರ 'ಅಕ್ಕರಮಾಶಿ' (1984) ಮೂಲದಲ್ಲೇ ಓದಿ, ಓದಲಾರದವರಿಗೆ ಕನ್ನಡದಲ್ಲಿ ಹೇಳಬೇಕು.

ಬಾಬಾಸಾಹೇಬರನ್ನು ಬಿಟ್ಟು ಯಾವ ಪಟ್ಟಿಯೂ ಇಲ್ಲ. 'ಜಾತಿ ವಿನಾಶ' (1936) ದೊಡ್ಡದೆನಿಸಿದರೆ 'ವೀಸಾಕ್ಕಾಗಿ ಕಾಯುತ್ತ' ಎಂಬ ಸಣ್ಣ ಬರಹದಿಂದ ಶುರುಮಾಡಿರಿ. 1934ರಲ್ಲಿ ದೌಲತಾಬಾದ ಕೋಟೆಯ ಕೊಳದಲ್ಲಿ ಅವರ ತಂಡ ಕೈಕಾಲು ತೊಳೆದದ್ದಕ್ಕೆ ಆದ ಅವಮಾನ ಅದರಲ್ಲಿದೆ. ದೌಲತಾಬಾದ ಆಗ ನಿಜಾಮನ ರಾಜ್ಯದಲ್ಲಿತ್ತು. ನಮ್ಮ ಬೀದರೂ ಅದೇ ರಾಜ್ಯ. ಅಂದರೆ ಅದು ನಮ್ಮ ಮನೆಯದೇ ಕತೆ.

ಪುಸ್ತಕ ಎಲ್ಲಿಂದ ತರೋಣ ಅಂತೀರಿ. ಮನೆ ಕರದ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಇದೆ. ಪಂಚಾಯ್ತಿ ಗ್ರಂಥಾಲಯ ಯಾರೂ ಮಾಡಿದ ಧರ್ಮವಲ್ಲ. ಬೇಕಾದ ಪುಸ್ತಕದ ಹೆಸರು ಬರೆದು ಅರ್ಜಿ ಕೊಡಿರಿ, ಹತ್ತು ಮಂದಿ ಸಹಿ ಹಾಕಿರಿ. ಮಾಸ್ತರರೇ, ನಿಮಗೊಂದು ಮಾತು. 1907ರಲ್ಲಿ ಮೆಟ್ರಿಕ್ ಪಾಸಾದ ಭೀಮರಾಯನ ಕೈಗೆ ಕೇಳೂಸ್ಕರ ಗುರುಗಳು ತಾವು ಬರೆದ ಬುದ್ಧನ ಚರಿತ್ರೆ ಇಟ್ಟರು. 1956ರಲ್ಲಿ ಆ ಹುಡುಗ ಲಕ್ಷಾಂತರ ಜನರ ಜೊತೆ ಬುದ್ಧನ ದಾರಿ ಹಿಡಿದ. ನೀವೂ ಈ ಸೂಟಿಗೆ ಒಂದು ಮಗುವಿನ ಕೈಗೆ ಒಂದು ಪುಸ್ತಕ ಇಡಿರಿ.

ಮತ್ತೆ, ಒಬ್ಬರೇ ಮೂಲೆ ಹಿಡಿದು ಓದಬೇಡಿರಿ. ಕೂಲಿ ಮುಗಿಸಿ ಬಂದ ಅವ್ವ ಅಪ್ಪನ ಎದುರು, ಕೇರಿಯ ಕಟ್ಟೆ ಮೇಲೆ ಕೂತು ದನಿ ಎತ್ತಿ ಓದಿರಿ. ಅವರು ಹೂಂಗುಟ್ಟಿದರೆ ಅದು ಕಾಳು. ಅವರು ಎದ್ದು ಹೋದರೆ, ಎಷ್ಟು ದೊಡ್ಡ ಹೆಸರಿದ್ದರೂ ಇನ್ನೊಮ್ಮೆ ಕೇರಿ ನೋಡಿರಿ.